ಏರು ಬಂದರೆ ಇ-ಸೈಕಲ್ ನಿಲ್ಲುತ್ತಿದೆಯಾ? ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಿ

ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಏರು ಸಿಕ್ಕಿದ ಕೂಡಲೇ ಮೋಟಾರ್ ಕೈ ಕೊಡುತ್ತದೆ. ಇಳಿದು ಅರ್ಧ ನಿಮಿಷ ನಿಂತರೆ ಮತ್ತೆ ಜೀವ ಬರುತ್ತದೆ. ನೂರು ಅಡಿ ಹೋದ ಮೇಲೆ ಮತ್ತೆ ಅದೇ ಕಥೆ. ಇ-ಸೈಕಲ್ ಇಟ್ಟುಕೊಂಡ ಗೆಳೆಯರಿಂದ ನಾನು ಜಾಸ್ತಿ ಕೇಳುವ ದೂರು ಇದೇ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದೇ: "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ."

ನನಗೂ ಹಾಗೇ ಹೇಳಿದ್ದರು. ನನ್ನದು 36 ವೋಲ್ಟಿನ ಸೈಕಲ್, ಹಿಂದಿನ ಚಕ್ರದಲ್ಲಿ 250 ವಾಟಿನ ಹಬ್ ಮೋಟಾರ್ ಇದೆ. ಮೈಸೂರಿನಲ್ಲಿ ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಎರಡು ವರ್ಷ ಒಂದು ತಕರಾರೂ ಇಲ್ಲದೆ ಹತ್ತಿದ ಸೈಕಲ್, ಒಂದು ಭಾನುವಾರ ಬೆಟ್ಟದ ಮೊದಲ ತಿರುವಿನಲ್ಲೇ ನಿಂತುಬಿಟ್ಟಿತು. ಅಂಗಡಿಯಲ್ಲಿ ಗುಂಡಿ ಒತ್ತಿ ನೋಡಿದರು, ಚಕ್ರ ಎತ್ತಿ ಒಂದು ಸುತ್ತು ತಿರುಗಿಸಿದರು, ಬ್ಯಾಟರಿಗೆ 14,000 ರೂಪಾಯಿ ಅಂದರು. ಮೀಟರ್ ಹಿಡಿದು ಯಾರೂ ಅಳೆಯಲಿಲ್ಲ. ಅದಕ್ಕೇ ನನಗೆ ಒಪ್ಪಿಗೆ ಆಗಲಿಲ್ಲ. ಈಗಲೂ ನಾನು ಓಡಿಸುತ್ತಿರುವುದು ಅದೇ ಹಳೆಯ ಬ್ಯಾಟರಿಯನ್ನೇ. ದೋಷ ಎಲ್ಲಿತ್ತು, ಹೇಗೆ ಸಿಕ್ಕಿತು ಅಂತ ಇಲ್ಲಿ ಬರೆದಿದ್ದೇನೆ. ಆ ಹುಡುಕಾಟದಲ್ಲಿ ಕಲಿತ ಬೇರೆ ಪರೀಕ್ಷೆಗಳನ್ನೂ ಸೇರಿಸಿದ್ದೇನೆ.

ಕೈಯಲ್ಲಿ ಏನಿರಬೇಕು

ಮುಖ್ಯವಾಗಿ ಒಂದು ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮೀಟರ್ ಸಾಕು. ಜೊತೆಗೆ ಅಲನ್ ಕೀ, ಇನ್ಸುಲೇಶನ್ ಟೇಪು, ಎರಡು ಗುಂಡುಪಿನ್ನು.

ಮೀಟರಿನ ಬಗ್ಗೆ ಒಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಂಪು ವೈರು ಸಿಕ್ಕಿಸಲು ಮೀಟರಿನಲ್ಲಿ ಎರಡು ತೂತು ಇರುತ್ತವೆ. ಒಂದು ವೋಲ್ಟ್‌ಗೆ, ಇನ್ನೊಂದರ ಪಕ್ಕ 10 ಆಂಪಿಯರ್ ಅಂತ ಬರೆದಿರುತ್ತದೆ. ಆಂಪಿಯರ್ ತೂತಿನಲ್ಲಿ ವೈರು ಇದ್ದಾಗ ಬ್ಯಾಟರಿಯ ಪ್ಲಸ್-ಮೈನಸ್ ಮುಟ್ಟಿಸಿದರೆ ನೇರವಾಗಿ ಶಾರ್ಟ್ ಮಾಡಿದ ಹಾಗೆ. ಕಿಡಿ ಹಾರುತ್ತದೆ, ಕೈ ಸುಡುತ್ತದೆ, ಬ್ಯಾಟರಿಯೂ ಹಾಳಾಗಬಹುದು. ಪ್ರತಿ ಸಲ ಮುಟ್ಟಿಸುವ ಮೊದಲು ವೈರು ವೋಲ್ಟ್ ತೂತಿನಲ್ಲಿದೆಯಾ, ಗುಂಡಿ ಡಿಸಿ ವೋಲ್ಟ್ ಕಡೆ ಇದೆಯಾ ನೋಡಿಕೊಳ್ಳಿ. ಉಂಗುರ, ಲೋಹದ ಕೈಗಡಿಯಾರ ಬಿಚ್ಚಿಡಿ.

ನಿಂತ ಕ್ಷಣದಲ್ಲಿ ಡಿಸ್‌ಪ್ಲೇ ಉರಿಯುತ್ತಿತ್ತಾ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದನ್ನು. ಯಾರು ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಇದೇ. ಗೊತ್ತಿಲ್ಲ ಅಂದರೆ, "ಇನ್ನೊಂದು ಸಲ ಓಡಿಸಿ, ನೋಡಿಕೊಂಡು ಬಂದು ಹೇಳಿ" ಅಂತೀನಿ.

ಮೋಟಾರಿನ ಜೊತೆ ಡಿಸ್‌ಪ್ಲೇಯೂ ಆರಿಹೋದರೆ ಕರೆಂಟೇ ಕಡಿದಿದೆ. ಬ್ಯಾಟರಿ ತೊಟ್ಟಿಲಲ್ಲಿ ಸರಿಯಾಗಿ ಕೂತಿಲ್ಲ, ಫ್ಯೂಸ್ ಸಡಿಲ, ಕೀ ಸ್ವಿಚ್ ಕೆಟ್ಟಿದೆ, ಇಲ್ಲವೇ ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟ್ ಟ್ರಿಪ್ ಆಗಿದೆ. ಈ ಸರ್ಕ್ಯೂಟನ್ನು ಬಿಎಂಎಸ್ ಅಂತಾರೆ. ಒಳಗಿನ ಒಂದು ಸಾಲಿನ ಸೆಲ್ ತೀರಾ ಇಳಿದರೂ ಅದು ಇಡೀ ಬ್ಯಾಟರಿಯನ್ನು ಕಡಿಯುತ್ತದೆ. ಟ್ರಿಪ್ ಆದ ಮೇಲೆ ಕೆಲವು ಬ್ಯಾಟರಿಗಳಿಗೆ ಚಾರ್ಜರ್ ಹಾಕಿದರೆ ಮಾತ್ರ ಮತ್ತೆ ಜೀವ ಬರುತ್ತದೆ.

ಡಿಸ್‌ಪ್ಲೇ ಉರಿಯುತ್ತಿದ್ದು, ಬ್ಯಾಟರಿ ಕಡ್ಡಿಗಳು ಇದ್ದ ಹಾಗೇ ಇದ್ದು ಮೋಟಾರ್ ಮಾತ್ರ ನಿಂತರೆ ದೋಷ ಸಿಗ್ನಲ್ ಕಡೆ ಇರುತ್ತದೆ. ಬ್ರೇಕ್ ಸ್ವಿಚ್, ಪೆಡಲ್ ಸೆನ್ಸರ್, ಥ್ರಾಟಲ್ (ವೇಗ ಹೆಚ್ಚಿಸಲು ಹ್ಯಾಂಡಲಿನಲ್ಲಿ ತಿರುಗಿಸುವ ಹಿಡಿ), ಮೋಟಾರಿನ ಕೇಬಲ್. ಅಲ್ಲಿಗೆ ಆಮೇಲೆ ಬರುತ್ತೇನೆ.

ನನ್ನ ಸೈಕಲ್ಲಿನದು ಎರಡರ ನಡುವೆ. ಡಿಸ್‌ಪ್ಲೇ ಆರುತ್ತಿರಲಿಲ್ಲ. ಆದರೆ ನಾಲ್ಕು ಕಡ್ಡಿ ಇದ್ದದ್ದು ಏರಿನಲ್ಲಿ ಸರ್ರನೆ ಒಂದಕ್ಕೆ ಇಳಿದು ಮೋಟಾರ್ ನಿಲ್ಲುತ್ತಿತ್ತು. ನಿಂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೆ ನಾಲ್ಕು ಕಡ್ಡಿ. ಇದು ವೋಲ್ಟೇಜ್ ಕುಸಿತದ ಲಕ್ಷಣ. ಹಳ್ಳಿಯ ಮನೆಯಲ್ಲಿ ಪಂಪ್‌ಸೆಟ್ ಶುರುವಾದಾಗ ಬಲ್ಬ್ ಮಂಕಾಗುತ್ತದೆ ಅಲ್ವಾ? ಅದೇ. ಜಾಸ್ತಿ ಕರೆಂಟ್ ಎಳೆದಾಗ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ತಿಂದುಹೋಗುತ್ತಿದೆ. ಎಲ್ಲಿ ಅನ್ನುವುದನ್ನು ಕಂಡುಹಿಡಿಯಬೇಕು, ಅಷ್ಟೇ. ಬ್ಯಾಟರಿಯ ಒಳಗೂ ಇರಬಹುದು, ಹೊರಗೂ ಇರಬಹುದು. ಅಂಗಡಿಯವರು ಅಳೆಯದೆಯೇ ಒಳಗೆ ಅಂದುಬಿಟ್ಟಿದ್ದರು.

ಅಂಕಿ ಅರ್ಥವಾಗಲು ಇಷ್ಟು ಗೊತ್ತಿರಲಿ

36 ವೋಲ್ಟಿನ ಬ್ಯಾಟರಿಯಲ್ಲಿ ಹತ್ತು ಸಾಲು ಲಿಥಿಯಂ ಅಯಾನ್ ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ತುಂಬಿದಾಗ ಒಂದೊಂದು ಸಾಲು 4.2 ವೋಲ್ಟ್, ಒಟ್ಟು 42. ಪೂರ್ತಿ ಖಾಲಿ ಅಂದರೆ ಸುಮಾರು 30. ಅದಕ್ಕಿಂತ ಕೆಳಗೆ ಹೋದರೆ ಸೆಲ್ ಹಾಳಾಗುತ್ತದೆ. ಹಾಗಾಗಿ 31 ವೋಲ್ಟ್ ಆಸುಪಾಸಿಗೆ ಬಂದಾಗಲೇ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ, ಮೋಟಾರನ್ನು ನಿಲ್ಲಿಸಿಬಿಡುತ್ತದೆ. 48 ವೋಲ್ಟಿನದಾದರೆ ಹದಿಮೂರು ಸಾಲು, ತುಂಬಿದಾಗ 54.6.

ನನ್ನ ಬ್ಯಾಟರಿ ಬೆಟ್ಟದ ಬುಡದಲ್ಲಿ, ನಿಂತಿರುವಾಗ, 39.4 ವೋಲ್ಟ್ ತೋರಿಸುತ್ತಿತ್ತು. ಒಳ್ಳೆಯ ಅಂಕಿ. ಹಲವರು ಇಲ್ಲಿಗೇ ಮೀಟರ್ ಎತ್ತಿಟ್ಟು "ಬ್ಯಾಟರಿ ಸರಿ ಇದೆ" ಅಂತಾರೆ. ಅದೂ ತಪ್ಪು. ನಿಂತಾಗಿನ ವೋಲ್ಟೇಜ್ ಅರ್ಧ ಸತ್ಯ. ಚಕ್ರ ಗಾಳಿಯಲ್ಲಿ ಎತ್ತಿ ತಿರುಗಿಸಿದರೂ ಮೋಟಾರ್ ಎಳೆಯುವುದು ಒಂದೆರಡು ಆಂಪಿಯರ್ ಮಾತ್ರ. ಏರಿನಲ್ಲಿ ಅದೇ ಮೋಟಾರ್ 14-15 ಆಂಪಿಯರ್ ಎಳೆಯುತ್ತದೆ. ದೋಷ ಕಾಣುವುದು ಆಗ. ಭಾರ ಹಾಕಿಯೇ ಅಳೆಯಬೇಕು.

ಏರಿನ ಮೇಲೆ ಅಳೆದದ್ದು

ನನ್ನ ಡಿಸ್‌ಪ್ಲೇಯ ಸೆಟ್ಟಿಂಗ್ಸ್‌ನಲ್ಲಿ ಕಡ್ಡಿಗಳ ಬದಲು ವೋಲ್ಟ್ ಅಂಕಿ ತೋರಿಸುವ ಆಯ್ಕೆ ಇತ್ತು. ನಿಮ್ಮದರಲ್ಲೂ ಇದ್ದರೆ ಹಾಕಿಕೊಳ್ಳಿ, ಅದು ಯಾವಾಗಲೂ ಕಡ್ಡಿಗಿಂತ ವಾಸಿ. ಈ ಅಂಕಿ ಕಂಟ್ರೋಲರಿಗೆ ತಲುಪಿದ ವೋಲ್ಟೇಜ್. ಬುಡದಲ್ಲಿ 39.4. ಏರಿನಲ್ಲಿ 35, 33, 31, ಮೋಟಾರ್ ಬಂದ್. ಅಂದರೆ ಎಂಟು ವೋಲ್ಟಿಗೂ ಜಾಸ್ತಿ ಎಲ್ಲೋ ಕಳೆದುಹೋಗುತ್ತಿತ್ತು.

ಆಮೇಲೆ ಮಾಡಿದ್ದು ಡ್ರಾಪ್ ಪರೀಕ್ಷೆ. ನನ್ನ ಕೈಯಲ್ಲಿ ಒಂದೇ ಪರೀಕ್ಷೆ ಉಳಿಸಿಕೋ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಮೀಟರಿನ ಒಂದು ಕಡ್ಡಿಯನ್ನು ಪ್ಲಸ್‌ನಲ್ಲಿ, ಇನ್ನೊಂದನ್ನು ಮೈನಸ್‌ನಲ್ಲಿ ಇಡುವುದಲ್ಲ. ಎರಡನ್ನೂ ಒಂದೇ ದಾರಿಯ ಮೇಲೆ ಇಡುವುದು. ಕೆಂಪು ಕಡ್ಡಿ ಬ್ಯಾಟರಿ ತೊಟ್ಟಿಲಿನ ಪ್ಲಸ್ ಕಡೆ, ಕಪ್ಪು ಕಡ್ಡಿ ಅದೇ ಪ್ಲಸ್ ವೈರು ಕಂಟ್ರೋಲರಿಗೆ ಹೋಗುವ ಕಡೆ. ನಡುವಿನ ದಾರಿ ಸರಿಯಿದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಎಷ್ಟು ತೋರಿಸುತ್ತದೋ ಅಷ್ಟು ವೋಲ್ಟ್ ಆ ನಡುವೆ ತಿಂದುಹೋಗುತ್ತಿದೆ. ಎರಡು ಕಡ್ಡಿಯೂ ಪ್ಲಸ್ ಮೇಲೇ ಇರುವುದರಿಂದ ಅವು ಒಂದಕ್ಕೊಂದು ತಾಗಿದರೂ ಶಾರ್ಟ್ ಆಗುವುದಿಲ್ಲ. ಹತ್ತಿರದ ಮೈನಸ್ ವೈರಿಗೆ ಮಾತ್ರ ತಾಗಬಾರದು, ಅದನ್ನು ಟೇಪು ಸುತ್ತಿ ಮುಚ್ಚಿಬಿಡಿ.

ತೊಟ್ಟಿಲಿನ ಕೆಳಗೆ ಕಂಟ್ರೋಲರ್ ಪೆಟ್ಟಿಗೆ ಇದೆ. ನಾಲ್ಕು ಅಲನ್ ಸ್ಕ್ರೂ ಬಿಚ್ಚಿದೆ. ವೈರು ಕನೆಕ್ಟರಿನೊಳಗೆ ಹೋಗುವ ಹಿಂಭಾಗದಿಂದ ಗುಂಡುಪಿನ್ನು ತೂರಿಸಿ, ಮೀಟರಿನ ಕಡ್ಡಿಗಳನ್ನು ಅದಕ್ಕೆ ಸೇರಿಸಿ ಟೇಪು ಸುತ್ತಿದೆ. ಮೀಟರನ್ನು ಹ್ಯಾಂಡಲ್ ಮೇಲೆ ಕಟ್ಟಿ, ಅದರ ಎದುರು ಫೋನಿಟ್ಟು ವಿಡಿಯೋ ಹಾಕಿ ಏರು ಹತ್ತಿದೆ. ಓಡಿಸುವಾಗ ಮೀಟರ್ ನೋಡಬೇಡಿ, ಕಣ್ಣು ರಸ್ತೆಯ ಮೇಲಿರಲಿ. ಅಂಕಿಯನ್ನು ಆಮೇಲೆ ವಿಡಿಯೋದಲ್ಲಿ ನೋಡಬಹುದು.

ಮೈನಸ್ ದಾರಿಯಲ್ಲಿ ನೋಡಿದಾಗ 0.1 ವೋಲ್ಟ್. ಪ್ಲಸ್ ದಾರಿಯಲ್ಲಿ 6.3.

ಆರು ವೋಲ್ಟಿಗೂ ಜಾಸ್ತಿ, ಅರ್ಧ ಬೆರಳುದ್ದದ ಒಂದು ಜೋಡಣೆಯಲ್ಲಿ! 14 ಆಂಪಿಯರ್ ಹರಿಯುವಾಗ 6.3 ವೋಲ್ಟ್ ಬೀಳುತ್ತದೆ ಅಂದರೆ 88 ವಾಟ್ ಶಾಖ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವಾಟ್ ಇರುತ್ತದೆ. ಅಂಥವು ಮೂರಕ್ಕಿಂತ ಜಾಸ್ತಿ ಆ ಪ್ಲಾಸ್ಟಿಕ್ ತೋಳಿನೊಳಗೆ ಕೂತು ಸುಡುತ್ತಿದ್ದ ಹಾಗೆ. ಬೆಟ್ಟದಿಂದ ವಾಪಸ್ ಬಂದು ಬ್ಯಾಟರಿ ತೆಗೆದಿಟ್ಟು ಆ ಕನೆಕ್ಟರನ್ನು ಎಳೆದೆ. ಬರಲಿಲ್ಲ, ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಕತ್ತರಿಸಿ ನೋಡಿದರೆ ಒಳಗೆ ಹಿತ್ತಾಳೆ ಕಪ್ಪಾಗಿದೆ, ವೈರಿನ ತುದಿಯಲ್ಲಿ ಹಸಿರು ಕಿಲುಬು. ಮಳೆಗಾಲದ ನೀರು ವೈರಿನ ಜೊತೆಗೇ ಇಳಿದು ಅಲ್ಲಿ ನಿಂತಿತ್ತು. ಮೊದಲೇ ಸಡಿಲವಾಗಿ ಒತ್ತಿದ್ದ ಜೋಡಣೆ. ಕಿಲುಬು ಬಂತು, ಬಿಸಿಯಾಯಿತು. ಬಿಸಿಯಾದಂತೆ ಇನ್ನಷ್ಟು ಸಡಿಲವಾಯಿತು.

ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಎಕ್ಸ್‌ಟಿ60 ಅನ್ನುವ, ಜಾಸ್ತಿ ಕರೆಂಟ್ ತಡೆಯುವ ಕನೆಕ್ಟರ್ ಬೆಸುಗೆ ಹಾಕಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತೊಡಿಸಿದೆ. ಬ್ಯಾಟರಿ ಕಡೆಗೆ ಯಾವಾಗಲೂ ಹೆಣ್ಣು ಭಾಗ ಬರಬೇಕು, ಲೋಹ ಹೊರಗೆ ಕಾಣಬಾರದು. ಬೆಸುಗೆ ಗೊತ್ತಿಲ್ಲದವರು ಇಷ್ಟನ್ನು ಎಲೆಕ್ಟ್ರಾನಿಕ್ಸ್ ರಿಪೇರಿಯವರಿಂದ ಮಾಡಿಸಿ, ಹತ್ತು ನಿಮಿಷದ ಕೆಲಸ. ಮುಂದಿನ ಭಾನುವಾರ ಅದೇ ತಿರುವಿನಲ್ಲಿ ಡಿಸ್‌ಪ್ಲೇ 37.2 ತೋರಿಸಿತು. ಜೋಡಣೆಯಲ್ಲಿ ಬಿದ್ದದ್ದು 0.05. ಬ್ಯಾಟರಿ ತಾನಾಗಿ ಇಳಿಯುತ್ತಿದ್ದದ್ದು ಎರಡು ವೋಲ್ಟ್ ಮಾತ್ರ. ಅಷ್ಟು ಯಾವ ಬ್ಯಾಟರಿಯಾದರೂ ಇಳಿಯುತ್ತದೆ. ಅವತ್ತು ದೇವಸ್ಥಾನದವರೆಗೂ ಹತ್ತಿ, ಮೇಲೆ ಕೂತು ಒಂದು ಚಹಾ ಕುಡಿದು ಬಂದೆ.

ಮೀಟರ್ ಇಲ್ಲದಿದ್ದರೂ ಒಂದು ಸುಲಭ ದಾರಿ ಇದೆ. ಏರು ಹತ್ತಿದ ಕೂಡಲೇ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಕರೆಂಟ್ ಹೋಗುವ ಒಂದೊಂದು ಜೋಡಣೆಯ ಪ್ಲಾಸ್ಟಿಕ್ಕನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ವೈರು ತಣ್ಣಗಿದ್ದು ಜೋಡಣೆ ಮಾತ್ರ ಸುಡುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಬ್ಯಾಟರಿ ತೊಟ್ಟಿಲಿನಲ್ಲಿ ಕೂರುವ ಹಲ್ಲುಗಳನ್ನೂ ನೋಡಿ. ಅಲ್ಲಿ ಕಪ್ಪು ಚುಕ್ಕೆ, ಕರಗಿದ ಗುರುತು ಇದ್ದರೆ ಅದೇ ರೋಗ.

ಬ್ಯಾಟರಿಯೇ ಸೋತಿದ್ದರೆ

ಜೋಡಣೆಗಳೆಲ್ಲ ಸರಿ ಇವೆ, ಡ್ರಾಪ್ ಇಲ್ಲ, ಆದರೆ ಏರಿನಲ್ಲಿ ಬ್ಯಾಟರಿಯ ಸ್ವಂತ ಬಾಯಲ್ಲೇ 39 ಇದ್ದದ್ದು 32ಕ್ಕೆ ಬೀಳುತ್ತಿದೆ ಅಂದರೆ ಅಂಗಡಿಯವರ ಮಾತು ನಿಜ. ಮೊದಲು ಹೋಗುತ್ತಿದ್ದ ದೂರದ ಅರ್ಧವೂ ಹೋಗುತ್ತಿಲ್ಲ ಅಂದರೂ ಅದೇ ಅರ್ಥ. ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟರೆ ಬೆಳಿಗ್ಗೆ 42ರಿಂದ ಸ್ವಲ್ಪ ಇಳಿಯುವುದು ಸಹಜ. ಒಂದೆರಡು ವೋಲ್ಟ್ ಇಳಿದಿದ್ದರೆ ಒಳಗೆ ಯಾವುದೋ ಸಾಲು ಸೋತಿರುವ ಸಾಧ್ಯತೆ ಜಾಸ್ತಿ. ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗೆ ಎಲ್ಲ ಕಡೆ ಕರೆಂಟ್ ಇರುತ್ತದೆ, ಅದಕ್ಕೆ ಸ್ವಿಚ್ ಇಲ್ಲ.

36 ವೋಲ್ಟಿನ ಸೈಕಲ್ಲಿಗೆ 48 ವೋಲ್ಟಿನ ಬ್ಯಾಟರಿ ಹಾಕಿದರೆ ಏರು ಸುಲಭ ಅಂತ ಸಲಹೆ ಕೊಡುವವರಿದ್ದಾರೆ. ತುಂಬಿದಾಗ ಅದು 54.6 ವೋಲ್ಟ್. ನಿಮ್ಮ ಕಂಟ್ರೋಲರಿನ ಕೆಪಾಸಿಟರ್ 50 ವೋಲ್ಟಿನದ್ದಾಗಿದ್ದರೆ ಸುಟ್ಟುಹೋಗುತ್ತದೆ. ಜೊತೆಗೆ, 250 ವಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ ಇದ್ದರೆ ಮಾತ್ರ ನಮ್ಮ ದೇಶದಲ್ಲಿ ಲೈಸೆನ್ಸ್, ನೋಂದಣಿ ಬೇಡ. ಆ ಗೆರೆ ದಾಟಿದರೆ ಕಾನೂನಿನ ಕಣ್ಣಲ್ಲಿ ಅದು ಸೈಕಲ್ ಅಲ್ಲ.

ಡಿಸ್‌ಪ್ಲೇ ಸರಿ, ಮೋಟಾರ್ ಮಾತ್ರ ಇಲ್ಲ

ಮೊದಲ ಸಂಶಯ ಬ್ರೇಕ್ ಹಿಡಿಕೆಯ ಮೇಲೆ. ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಲು ಅದರೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಮಣ್ಣು ಸೇರಿ ಅಥವಾ ಹಿಡಿಕೆ ಪೂರ್ತಿ ವಾಪಸ್ ಬರದೆ ಅದು ಒತ್ತಿಕೊಂಡೇ ಉಳಿದರೆ ನೀವು ಬ್ರೇಕ್ ಹಿಡಿದಿದ್ದೀರಿ ಅಂತಲೇ ಕಂಟ್ರೋಲರ್ ತಿಳಿಯುತ್ತದೆ. ಹಿಡಿಕೆಯನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಿ. ಆಗ ಮೋಟಾರ್ ತಿರುಗಿದರೆ ಕಾರಣ ಸಿಕ್ಕಿತು. ಸಿಗದಿದ್ದರೆ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಎರಡೂ ಬ್ರೇಕ್ ಸ್ವಿಚ್‌ಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚಿ ನೋಡಿ. ಇದು ಪರೀಕ್ಷೆಗೆ ಮಾತ್ರ. ಬಿಚ್ಚಿಟ್ಟುಕೊಂಡು ರಸ್ತೆಗೆ ಹೋಗಬೇಡಿ.

ಥ್ರಾಟಲ್ ತಿರುಗಿಸಿದರೆ ಓಡುತ್ತದೆ, ಪೆಡಲ್ ತುಳಿದರೆ ಓಡುವುದಿಲ್ಲ ಅಂದರೆ ಪೆಡಲ್ ಸೆನ್ಸರ್. ಪೆಡಲ್ ಅಚ್ಚಿನ ಹತ್ತಿರ ಸಣ್ಣ ಅಯಸ್ಕಾಂತಗಳಿರುವ ಒಂದು ಬಿಲ್ಲೆ, ಅದರ ಪಕ್ಕ ಒಂದು ಸೆನ್ಸರ್ ಇರುತ್ತದೆ. ನಡುವೆ ಎರಡು-ಮೂರು ಮಿಲಿಮೀಟರ್ ಸಂದಿ ಇರಬೇಕು. ಚೈನಿನ ಎಣ್ಣೆ ಮಣ್ಣು ಮೆತ್ತಿದ್ದರೆ ಒರೆಸಿ, ಬಿಲ್ಲೆ ಸರಿದಿದ್ದರೆ ಒಳಕ್ಕೆ ತಳ್ಳಿ. ಇದರ ತಿರುಗುಮುರುಗು ಆದರೆ, ಅಂದರೆ ಪೆಡಲ್‌ಗೆ ಓಡಿ ಥ್ರಾಟಲ್‌ಗೆ ಓಡದಿದ್ದರೆ, ಥ್ರಾಟಲಿನ ಸಿಗ್ನಲ್ ವೈರು ಅಳೆಯಿರಿ. ಬಿಟ್ಟಾಗ ಸುಮಾರು 0.8, ಪೂರ್ತಿ ತಿರುಗಿಸಿದಾಗ ಮೂರೂವರೆಯಿಂದ ನಾಲ್ಕು ವೋಲ್ಟಿನಷ್ಟು ಬರಬೇಕು.

ಪಂಚರ್ ಹಾಕಿಸಿಕೊಂಡು ಬಂದ ದಿನವೇ ಮೋಟಾರ್ ಕೆಟ್ಟರೆ ಮೋಟಾರನ್ನು ಬೈಯಬೇಡಿ. ಹಿಂದಿನ ಚಕ್ರ ಬಿಚ್ಚಲು ಮೋಟಾರಿನ ದುಂಡು ಕನೆಕ್ಟರ್ ಎಳೆದಿರುತ್ತಾರೆ, ವಾಪಸ್ ಅರ್ಧವೇ ತಳ್ಳಿರುತ್ತಾರೆ. ಇಂಥ ಸೈಕಲ್ ನಾನೇ ಮೂರು ನೋಡಿದ್ದೇನೆ. ಎರಡು ಭಾಗದ ಬಾಣದ ಗುರುತು ಎದುರುಬದುರು ಬರಬೇಕು, ಕನೆಕ್ಟರಿನ ಮೇಲಿನ ಗೆರೆಯವರೆಗೆ ಒಳಗೆ ಹೋಗಬೇಕು. ನೇರವಾಗಿ ತಳ್ಳಿ, ನೇರವಾಗಿ ಎಳೆಯಿರಿ. ತಿರುಚಿದರೆ ಒಳಗಿನ ಸೂಜಿಗಳು ಬಾಗುತ್ತವೆ. ಕೇಬಲ್ ಅಚ್ಚಿನಿಂದ ಹೊರಬಂದು ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲೆ ಹೋಗುವ ಹಾಗೆ ಕಟ್ಟಿಸಿ. ಮಳೆ ನೀರು ಆ ಬಳುಕಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ, ಮೋಟಾರಿನೊಳಗೆ ಹರಿಯುವುದಿಲ್ಲ. ಅಚ್ಚಿನ ನಟ್ಟು ಬಿಗಿ ಇದೆಯಾ, ಅಚ್ಚು ತಿರುಗದಂತೆ ತಡೆಯುವ ವಾಷರ್ ವಾಪಸ್ ಕೂರಿಸಿದ್ದಾರಾ, ಅದನ್ನೂ ಅಲ್ಲೇ ನಿಂತು ನೋಡಿ.

ಮೋಟಾರ್ ನಡುಗುತ್ತದೆ, ಗುರ್ ಅನ್ನುತ್ತದೆ, ಕೈಯಲ್ಲಿ ಸ್ವಲ್ಪ ತಳ್ಳಿದರೆ ಓಡುತ್ತದೆ ಅಂದರೆ ಅದರೊಳಗಿದ್ದು ತಿರುಗುವಿಕೆಯನ್ನು ಕಂಟ್ರೋಲರಿಗೆ ತಿಳಿಸುವ ಮೂರು ಹಾಲ್ ಸೆನ್ಸರ್‌ಗಳಲ್ಲಿ ಒಂದು ಕೆಟ್ಟಿರಬಹುದು, ಇಲ್ಲವೇ ಅದರ ವೈರು ಕಡಿದಿರಬಹುದು. ಕೆಂಪು ಸಣ್ಣ ವೈರಿನಲ್ಲಿ ಐದು ವೋಲ್ಟಿನಷ್ಟು ಬರಬೇಕು. ಚಕ್ರವನ್ನು ನಿಧಾನವಾಗಿ ತಿರುಗಿಸಿದರೆ ಹಳದಿ, ಹಸಿರು, ನೀಲಿ ಸಣ್ಣ ವೈರುಗಳು ಒಂದೊಂದೂ ಸೊನ್ನೆಗೂ ಐದಕ್ಕೂ ನಡುವೆ ಹಾರಬೇಕು. ಗೇರ್ ಇರುವ ಹಬ್ ಆದರೆ ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ. ಹಾರದೆ ಒಂದೇ ಕಡೆ ನಿಂತಿರುವ ವೈರಿನ ಸೆನ್ಸರ್ ಮೇಲೆ ಸಂಶಯಪಡಿ.

ಸ್ವಿಚ್ ಆಫ್ ಇದ್ದಾಗಲೂ ಚಕ್ರ ಹಿಂದಕ್ಕೆ ತಿರುಗಿಸಿದರೆ ಕಟಕಟ ಅಂತ ಗಟ್ಟಿಯಾಗಿದೆಯಾ? ಮೋಟಾರಿನ ಕನೆಕ್ಟರ್ ಬಿಚ್ಚಿ ಮತ್ತೆ ತಿರುಗಿಸಿ. ಆಗ ಹಗುರವಾದರೆ ಕಂಟ್ರೋಲರ್ ಸುಟ್ಟಿದೆ. ಬಿಚ್ಚಿದರೂ ಗಟ್ಟಿಯಾಗೇ ಇದ್ದರೆ ಮೋಟಾರಿನೊಳಗೆ ಅಥವಾ ಅದರ ಕೇಬಲ್ಲಿನಲ್ಲಿ ಶಾರ್ಟ್ ಇದೆ. ಮೋಟಾರ್ ಕುಯ್ ಅಂತ ತಿರುಗುವ ಸದ್ದು ಬಂದು ಚಕ್ರ ಮಾತ್ರ ಎಳೆಯದಿದ್ದರೆ ಹಬ್ಬಿನೊಳಗಿನ ನೈಲಾನ್ ಗೇರ್ ಸವೆದಿದೆ, ಇಲ್ಲವೇ ಕ್ಲಚ್ ಜಾರುತ್ತಿದೆ.

ಚಾರ್ಜ್ ಆಗುತ್ತಿಲ್ಲ

ಬ್ಯಾಟರಿ ಖಾಲಿ ಇದ್ದರೂ ಚಾರ್ಜರಿನ ದೀಪ ಹಸಿರಾಗೇ ಉಳಿದರೆ ಮೊದಲು ಚಾರ್ಜರ್ ತುದಿಯಲ್ಲಿ ಅಳೆಯಿರಿ. 36 ವೋಲ್ಟಿನದಾದರೆ 42 ಬರಬೇಕು. ಬಂದರೆ ಚಾರ್ಜರ್ ಬಹುಮಟ್ಟಿಗೆ ಸರಿ, ಬ್ಯಾಟರಿಯ ಚಾರ್ಜಿಂಗ್ ಸಾಕೆಟ್ ಅಥವಾ ಅದರ ಫ್ಯೂಸ್ ನೋಡಿಸಿ. ಊರಿಗೆ ಹೋಗಿ ತಿಂಗಳುಗಟ್ಟಲೆ ಬಿಟ್ಟ ಬ್ಯಾಟರಿ 30 ವೋಲ್ಟಿಗಿಂತ ತುಂಬಾ ಕೆಳಗೆ ಇಳಿದಿದ್ದರೆ ಏನೋ ಮಾಡಿ ಬಲವಂತವಾಗಿ ಚಾರ್ಜ್ ಮಾಡಲು ಹೋಗಬೇಡಿ. ಅಂಥ ಸೆಲ್‌ಗಳು ಒಳಗೇ ಶಾರ್ಟ್ ಆಗುವ ಅಪಾಯವಿದೆ. ಬಹಳ ದಿನ ಬಿಡುವುದಾದರೆ ಅರ್ಧ ಚಾರ್ಜ್ ಇಟ್ಟು, ತಂಪಾದ ಜಾಗದಲ್ಲಿಟ್ಟು ಹೋಗಿ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿನಿಂದ ತಂದ ಕೂಡಲೇ ಚಾರ್ಜಿಗೆ ಹಾಕದೆ ಒಂದು ಗಂಟೆ ಆರಲು ಬಿಡಿ.

ಇಲ್ಲಿ ಕೈ ಹಾಕಲೇಬೇಡಿ

ಬ್ಯಾಟರಿ ಉಬ್ಬಿದೆ, ಸಿಹಿಯಾದ ಅಥವಾ ರಾಸಾಯನಿಕ ವಾಸನೆ ಬರುತ್ತಿದೆ, ಸುಮ್ನೆ ಇಟ್ಟಾಗಲೂ ಬಿಸಿಯಾಗುತ್ತಿದೆ, ಜೋರಾಗಿ ಬಿದ್ದು ಜಜ್ಜಿದೆ, ನೀರಿನಲ್ಲಿ ಮುಳುಗಿದೆ. ಇವುಗಳಲ್ಲಿ ಒಂದು ಇದ್ದರೂ ಅಳೆಯುವುದು, ಚಾರ್ಜ್ ಮಾಡುವುದು ಎಲ್ಲ ಬಂದ್. ಮುಟ್ಟುವಷ್ಟು ತಣ್ಣಗಿದ್ದರೆ ಮಾತ್ರ ಮನೆಯಿಂದ ದೂರ, ಬಯಲಿನಲ್ಲಿ, ಉರಿಯುವ ವಸ್ತು ಇಲ್ಲದ ಜಾಗದಲ್ಲಿಡಿ. ಹೊಗೆ ಬರುತ್ತಿದ್ದರೆ ಹತ್ತಿರ ಹೋಗಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನ್ ಮಾಡಿ. ಇದೇ ಕಾರಣಕ್ಕೆ ಚಾರ್ಜ್ ಮಾಡುವುದನ್ನು ಬಾಗಿಲ ಹತ್ತಿರ, ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಬೇಡಿ. ಏನಾದರೂ ಆದರೆ ಹೊರಗೆ ಓಡುವ ದಾರಿಯೇ ಮುಚ್ಚಿಹೋಗುತ್ತದೆ. ಮಲಗುವ ಹೊತ್ತಿನಲ್ಲೂ ಹಾಕಬೇಡಿ.

ಸತ್ತ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಬೇಡಿ, ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಕೊಂಡ ಅಂಗಡಿಯಲ್ಲೇ ಕೇಳಿ, ಎರಡು ತುದಿಗೂ ಟೇಪು ಸುತ್ತಿ ಒಯ್ದು ಕೊಡಿ.